ಅಮ್ಮ ಇಟ್ಟ ಡಬಲ್

“ಮುದುಕಿ ಎಲ್ಲಿ?”

ನನ್ನ ಬಲಗೈ ಇಸ್ತ್ರಿ ಮಷೀನಿನೊಳಗಿತ್ತು.

ಮನೆಯ ಇಸ್ತ್ರಿಪೆಟ್ಟಿಗೆ ಅಂದುಕೊಳ್ಳಬೇಡಿ. ಇದು ದೊಡ್ಡ ಹೋಟೆಲಿನ ಲಾಂಡ್ರಿ. ಮಂಚದಷ್ಟು ಉದ್ದದ ಕಬ್ಬಿಣದ ಹಲಗೆ ಕೆಳಗೆ, ಅಷ್ಟೇ ಉದ್ದದ್ದು ಮೇಲೆ. ನಡುವೆ ಬೆಡ್‌ಶೀಟ್ ಇಟ್ಟು ಹಿಡಿ ಎಳೆದರೆ ಬುಸ್ ಅಂತ ಉಗಿ ಬಿಟ್ಟು ಮುಚ್ಚಿಕೊಳ್ಳುತ್ತದೆ. ಬೆಡ್‌ಶೀಟ್ ಇರಬೇಕಾದ ಜಾಗದಲ್ಲಿ ನನ್ನ ಕೈ ಇತ್ತು. ಹಿಡಿಯ ಮೇಲೆ ಕಂಬನ ಕೈ ಇತ್ತು.

ಕಂಬ ಅಂತ ಹೆಸರಿಟ್ಟವನು ನಾನೇ. ಅಷ್ಟು ಎತ್ತರದ ಆಸಾಮಿ. ನನ್ನ ಕತ್ತು ಹಿಡಿದಿದ್ದವನು ಕುಳ್ಳ, ದಪ್ಪ. ಅವನು ಗೂಟ.

“ಕೇಳಿಸ್ಲಿಲ್ವಾ? ನಿಮ್ಮಮ್ಮ ಎಲ್ಲಿ?”

“ಗೊತ್ತಿಲ್ಲ!”

“ಸುಳ್ಳು!”

“ಗೊತ್ತಿದ್ರೆ ನಾನ್ಯಾಕಪ್ಪಾ ಲಾಂಡ್ರಿಗೆ ಬಂದು ಹುಡುಕ್ತಿದ್ದೆ? ನಿಮಗಿಂತ ಅರ್ಜೆಂಟಾಗಿ ನನಗೆ ಬೇಕು ಅವಳು!”

ನನ್ನ ಕಸುಬಿನಲ್ಲಿ ದಿನಕ್ಕೆ ಹತ್ತು ಸುಳ್ಳು ಹೇಳುತ್ತೇನೆ. ಎಲ್ಲರೂ ನಂಬುತ್ತಾರೆ. ಅಪರೂಪಕ್ಕೆ ಒಂದು ನಿಜ ಹೇಳಿದರೆ ಕೈ ಸುಡುವುದಕ್ಕೆ ಬರುತ್ತಾರೆ! ಮೈಯೆಲ್ಲ ಉರಿಯಿತು. ಉಗಿಗಲ್ಲ, ಸಿಟ್ಟಿಗೆ.

ಗೂಟ ನನ್ನ ಕತ್ತಿನ ಮೇಲಿಂದ ಕಂಬನಿಗೆ ಹೇಳಿದ. “ಬಚ್ಚಿಟ್ಟಿದಾನೆ ಕಣೋ ಇವ್ನು. ರೂಮಲ್ಲಿ ಅವಳೂ ಇಲ್ಲ, ಅವಳ ಬ್ಯಾಗೂ ಇಲ್ಲ.”

ಬ್ಯಾಗೂ ಇಲ್ಲ!

ಥತ್! ಹೋಟೆಲಿನ ಮೂಲೆಮೂಲೆ ಜಾಲಾಡಿದ್ದೆ. ಅಡುಗೆಮನೆ, ಟೆರೇಸು, ಲಾಂಡ್ರಿ. ರೂಮಿನಲ್ಲಿ ಬ್ಯಾಗ್ ಇದೆಯೋ ಇಲ್ಲವೋ ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ. ಅಮ್ಮ ಎಲ್ಲಿದ್ದಾಳೆ ಅನ್ನುವುದು ಆಗ ಗೊತ್ತಾಯಿತು.

ಕಂಬ ಹಿಡಿ ಎಳೆದ. ಮೇಲಿನ ಹಲಗೆ ಇಳಿಯತೊಡಗಿತು. ಕೈಮೇಲಿನ ಕೂದಲು ಸುಟ್ಟ ವಾಸನೆ ಬಂತು...

“ಯಾರ್ರೀ ಅದು ಮಷೀನ್ ಹತ್ರ?”

ಲಾಂಡ್ರಿಯ ಮೇಲ್ವಿಚಾರಕಿ! ಸೊಂಟದ ಮೇಲೆ ಕೈ ಇಟ್ಟು ಬಾಗಿಲಲ್ಲಿ ನಿಂತಿದ್ದಳು. ಕಂಬ ತಿರುಗಿ ನೋಡಿದ. ನನಗೆ ಅಷ್ಟು ಸಾಕಾಗಿತ್ತು. ಪಕ್ಕದ ಟ್ರಾಲಿಯಿಂದ ಒದ್ದೆ ಬೆಡ್‌ಶೀಟ್ ಎಡಗೈಯಲ್ಲಿ ಎಳೆದು ಅವನ ತಲೆಯ ಮೇಲೆ ಎಸೆದೆ. ಟ್ರಾಲಿಯನ್ನು ಗೂಟನ ಮೊಣಕಾಲಿಗೆ ಒದ್ದೆ. ಕೈ ಹೊರಗೆಳೆದುಕೊಂಡು ಕಾಲಿಗೆ ಬುದ್ಧಿ ಹೇಳಿದೆ.

ಹಿಂದಿನ ಅಂಗಳದಲ್ಲಿ ಕೊಳೆ ಬಟ್ಟೆಯ ಗಂಟುಗಳನ್ನು ತುಂಬಿದ ವ್ಯಾನ್ ನಿಂತಿತ್ತು. ಡ್ರೈವರ್ ಆಚೆ ಸಿಗರೇಟು ಸೇದುತ್ತಿದ್ದ. ಕೀ ಗಾಡಿಯಲ್ಲೇ ಇತ್ತು.

“ಏಯ್! ಏಯ್!” ಅಂದ.

“ತಂದುಕೊಡ್ತೀನಿ!” ಅಂದೆ. ಅದೂ ನಿಜವೇ.

ಈಗ ಗಾಡಿ ಓಡುತ್ತಿರುವಾಗ ವಿಷಯ ಹೇಳಿಬಿಡುತ್ತೇನೆ, ಕೇಳಿ. ಆ ಹೋಟೆಲಿನಲ್ಲಿ ನಡೆಯುತ್ತಿದ್ದದ್ದು ಬ್ರಿಡ್ಜ್ ಟೂರ್ನಮೆಂಟು. ಇಸ್ಪೀಟಿನ ಬ್ರಿಡ್ಜ್. ನನ್ನ ಅಮ್ಮ, ನನ್ನ ಹೆಂಡತಿ ಒಂದು ಜೋಡಿ. ಹೌದು, ಅತ್ತೆ ಸೊಸೆ! ನಗಬೇಡಿ. ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ಒಂದು ನಿಮಿಷವೂ ಹೊಂದುತ್ತಿರಲಿಲ್ಲ. ಒಂದು ದಿನ ಅಮ್ಮ ಸೊಸೆಯ ಮುಂದೆ ಇಸ್ಪೀಟಿನ ಕಟ್ಟು ಇಟ್ಟು “ಕೂತ್ಕೋ” ಅಂದಳು. ಅವತ್ತಿನಿಂದ ಅವರ ಜಗಳವೆಲ್ಲ ಟೇಬಲ್ಲಿನ ಮೇಲೆ. ಅಡುಗೆಮನೆ ತಣ್ಣಗಿದೆ. ನನ್ನ ಸಂಸಾರ ನಿಂತಿರುವುದೇ ಐವತ್ತೆರಡು ಎಲೆಗಳ ಮೇಲೆ.

ಅಪ್ಪ ಹೋದ ಮೇಲಂತೂ ಅಮ್ಮನಿಗೆ ಈ ಆಟ ಬಿಟ್ಟರೆ ಬೇರೆ ಏನೂ ಇಲ್ಲ.

ಬ್ರಿಡ್ಜ್‌ನಲ್ಲಿ ಎದುರುಬದುರು ಕೂತವರು ಜೊತೆಗಾರರು. ಆಟ ಶುರುವಾಗುವ ಮೊದಲು ಬಿಡ್ಡಿಂಗ್. ನಾವು ಇಷ್ಟು ಗೆಲ್ಲುತ್ತೇವೆ ಅಂತ ಸರದಿಯಂತೆ ಏರಿಸುತ್ತಾ ಹೋಗಬೇಕು. ಬಾಯಲ್ಲಿ ಅಲ್ಲ, ಡಬ್ಬಿಯಿಂದ ಅಚ್ಚು ಹಾಕಿದ ಕಾರ್ಡ್ ಎತ್ತಿ ಇಡಬೇಕು. ಹುಬ್ಬು ಹಾರಿಸಬಾರದು, ಕೆಮ್ಮಬಾರದು. ಯಾವ ಬಿಡ್ಡಿಗೆ ಏನು ಅರ್ಥ ಅಂತ ಜೊತೆಗಾರರು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಆ ಒಪ್ಪಂದವನ್ನು ಸಿಸ್ಟಮ್ ಕಾರ್ಡ್ ಅನ್ನುವ ಹಾಳೆಯಲ್ಲಿ ಬರೆದು ಎದುರಾಳಿಗಳ ಕೈಗೂ ಕೊಡಬೇಕು. ಗುಟ್ಟು ಇಟ್ಟುಕೊಂಡರೆ ಮೋಸ.

ಎಂಥಾ ಆಟ ನೋಡಿ! ನನ್ನ ಕಸುಬಿನವರು ಒಬ್ಬರೂ ಆಡಲಾರರು.

ಅವತ್ತು ಬೆಳಗ್ಗೆ ಎದುರಾಳಿ ಟೈಲ್ಸ್ ಸಾಹುಕಾರ. ಊರಿನ ಅರ್ಧ ಬಚ್ಚಲುಮನೆಗಳಲ್ಲಿ ಅವನ ಟೈಲ್ಸೇ ಇರುವುದು. ಅವನು ಮೊದಲ ಬಿಡ್ಡೇ ಮೂರು ಸ್ಪೇಡ್ ಅಂತ ಇಟ್ಟ. ಅಂದರೆ ಸ್ಪೇಡನ್ನು ತುರುಫು ಮಾಡಿ ಹದಿಮೂರು ಟ್ರಿಕ್‌ಗಳಲ್ಲಿ, ಅಂದರೆ ಸುತ್ತುಗಳಲ್ಲಿ, ಒಂಬತ್ತು ಗೆಲ್ಲುತ್ತೇನೆ ಅಂತ ಜಂಬ. ಪಕ್ಕದಲ್ಲಿದ್ದ ಅಮ್ಮ ಕೆಂಪು ಕಾರ್ಡ್ ಎತ್ತಿ ಇಟ್ಟಳು. ಡಬಲ್, ಅಂದರೆ ಬಿದ್ದರೆ ದಂಡ ದುಪ್ಪಟ್ಟು! ಸಾಹುಕಾರನ ಜೊತೆಗಾರ ಪಾಸ್. ನನ್ನ ಹೆಂಡತಿಯೂ ಪಾಸ್, ಸಾಹುಕಾರನೂ ಪಾಸ್. ಬಿಡ್ಡಿಂಗ್ ಅಲ್ಲಿಗೆ ಮುಗಿಯಿತು. ಸಾಹುಕಾರ ಮೂರು ಸ್ಪೇಡ್ ಆಡಬೇಕಾಯಿತು, ನಾಲ್ಕು ಟ್ರಿಕ್ ಕಡಿಮೆ ಬಿದ್ದು ಮಣ್ಣು ಮುಕ್ಕಿದ. ಪಂದ್ಯ ಸೋತ.

ಸೋತವನು ಎದ್ದುನಿಂತು ಕೂಗಿದ. “ಕಳ್ಳಿಯರು!”

ಯಾಕೆ ಅಂದರೆ ಡಬಲ್‌ಗೆ ಎರಡು ಅರ್ಥ ಇಟ್ಟುಕೊಳ್ಳಬಹುದು. ಟೇಕೌಟ್ ಅಂದರೆ, ನನ್ನ ಹತ್ತಿರ ಸ್ಪೇಡ್ ಇಲ್ಲ, ಬೇರೆ ಎಲೆಗಳಿವೆ, ನೀನು ಬಾಯಿ ಬಿಡು, ಬೇರೆ ಬಿಡ್ ಇಡು. ಪೆನಾಲ್ಟಿ ಅಂದರೆ, ಸ್ಪೇಡ್ ನನ್ನ ಹತ್ತಿರವೇ ಇದೆ, ನೀನು ತೆಪ್ಪಗಿರು, ಇವರನ್ನು ಇಲ್ಲೇ ಹೂಳೋಣ. ಅತ್ತೆ ಸೊಸೆಯ ಸಿಸ್ಟಮ್ ಕಾರ್ಡಿನಲ್ಲಿ ಟೇಕೌಟ್ ಅಂತ ಇತ್ತು. ಆದರೆ ಅಮ್ಮನ ಕೈಯಲ್ಲಿ ನಾಲ್ಕು ದಪ್ಪ ಸ್ಪೇಡ್! ಸೊಸೆ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಹಾಗಾದರೆ ಅತ್ತೆಯ ಕೈಯಲ್ಲಿ ಸ್ಪೇಡ್ ಇರುವುದು ಸೊಸೆಗೆ ಹೇಗೆ ಗೊತ್ತಾಯಿತು?

ನಾಲ್ಕು ಗಂಟೆಗೆ ವಿಚಾರಣೆ. ಇಬ್ಬರನ್ನೂ ಬೇರೆ ಬೇರೆ ಕೇಳುತ್ತಾರೆ. ಮೋಸ ಅಂತ ತೀರ್ಮಾನವಾದರೆ ಇಬ್ಬರೂ ಇನ್ನು ಜನ್ಮದಲ್ಲಿ ಕಾರ್ಡ್ ಮುಟ್ಟುವಂತಿಲ್ಲ. ಒಬ್ಬರು ಬರದಿದ್ದರೂ ತಪ್ಪು ಒಪ್ಪಿಕೊಂಡ ಹಾಗೆ! ಸಾಹುಕಾರ ಕಂಬ, ಗೂಟರನ್ನು ಬಿಟ್ಟದ್ದು ಅದಕ್ಕೇ.

ಹೆಂಡತಿಯನ್ನು ಆಗಲೇ ಒಂದು ಕೋಣೆಯಲ್ಲಿ ಕೂರಿಸಲು ಕರೆದೊಯ್ಯುತ್ತಿದ್ದರು. ಕಾರಿಡಾರಿನಲ್ಲಿ ಹಿಡಿದು ಪಿಸುಗುಟ್ಟಿದೆ.

“ಪೆನಾಲ್ಟಿ ಅನ್ನು. ನಮ್ಮ ಡಬಲ್ ಪೆನಾಲ್ಟಿ ಅಂತ. ಅಮ್ಮನ ಕೈಲೂ ಅದನ್ನೇ ಹೇಳಿಸ್ತೀನಿ!”

ಸಕ್ಕರೆ ಡಬ್ಬಿಯಲ್ಲಿ ಜಿರಲೆ ಕಂಡವಳ ಹಾಗೆ ನನ್ನನ್ನು ನೋಡಿದಳು. “ರೀ, ನೀವು...” ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿದರು. ತಿರುಗಿ ನೋಡಿದರೆ ಅಮ್ಮ ಇಲ್ಲ!

ಇಷ್ಟು ಕತೆ.

ಅಮ್ಮನಿಗೆ ಸಿಟ್ಟು ಬಂದರೆ ಬ್ಯಾಗ್ ಹಿಡಿದು ಊರಿಗೆ ಹೊರಡುತ್ತಾಳೆ. ಬಸ್‌ಸ್ಟ್ಯಾಂಡ್‌ವರೆಗೆ. ಅಲ್ಲಿಂದ ಮುಂದೆ ಇವತ್ತಿಗೂ ಹೋದವಳಲ್ಲ.

ಕನ್ನಡಿಯಲ್ಲಿ ಒಂದು ಬೈಕ್ ಕಾಣಿಸಿತು. ಮುಂದೆ ಕಂಬ, ಹಿಂದೆ ಗೂಟ. ಕಂಬನ ಅಂಗಿ ಇನ್ನೂ ಒದ್ದೆಯಾಗಿತ್ತು. ನಾನು ಸಿಗ್ನಲ್ ಹಾರಿಸಿದೆ. ಒಬ್ಬ ಸೈಕಲ್ಲಿನವನು ನನ್ನ ವಂಶವನ್ನೆಲ್ಲ ನೆನೆಸಿದ. ಬಸ್‌ಸ್ಟ್ಯಾಂಡಿನ ಹಿಂಬಾಗಿಲಿನಿಂದ ವ್ಯಾನ್ ನುಗ್ಗಿಸಿದೆ.

ಕೊನೆಯ ಪ್ಲಾಟ್‌ಫಾರಂ. ಕೊನೆಯ ಬೆಂಚು. ಅಮ್ಮ!

ಬ್ಯಾಗನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅದರ ಮೇಲೆ ಇಸ್ಪೀಟು ಹರಡಿತ್ತು. ಎಲೆಗಳನ್ನು ನಾಲ್ಕು ಪಾಲು ಮಾಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು.

“ಅಮ್ಮ! ಏಳು, ಹೊರಡು!”

“ತಡಿ.” ತಲೆ ಎತ್ತಲಿಲ್ಲ. “ನಿನ್ನೆ ಮೊದಲನೇ ಆಟ. ಉತ್ತರದಲ್ಲಿ ಕೂತವರಿಗೆ ಹಾರ್ಟ್ ರಾಜ, ಏಳು, ಮೂರು. ಕ್ಲಬ್ ಎಕ್ಕ, ಗುಲಾಮ...”

“ಅಮ್ಮ, ಹಿಂದೆ ಇಬ್ಬರು ರೌಡಿಗಳು ಬರ್ತಿದಾರೆ!”

“ಬರ್ಲಿ. ಎಲ್ಲಾ ಆಟಾನೂ ಹಾಕಿ ನೋಡ್ದೆ ಕಣೋ. ನಿನ್ನೆದೂ, ಇವತ್ತಿಂದೂ. ಒಂದು ಎಲೇನೂ ತಪ್ಪಿಲ್ಲ. ಬೇಕಾದ್ರೆ ಕೇಳು.”

“ತಪ್ಪಿದೆ ಅಂತ ಯಾರು ಅಂದ್ರು ಈಗ?”

ಎಲೆಗಳನ್ನು ಗುಡ್ಡೆ ಮಾಡಿದಳು. ಎರಡು ಎಲೆ ಕೈಜಾರಿದವು. ನನ್ನ ಅಮ್ಮನ ಕೈಯಿಂದ ಕಾರ್ಡ್ ಜಾರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆದರೆ ಕೇಳುತ್ತಾ ಕೂರುವ ಹೊತ್ತೇ ಅದು? ಬೈಕಿನ ಸದ್ದು ಹತ್ತಿರ ಬರುತ್ತಿತ್ತು. ಬ್ಯಾಗನ್ನು ಒಂದು ಕೈಯಲ್ಲಿ, ಅಮ್ಮನನ್ನು ಒಂದು ಕೈಯಲ್ಲಿ ಎಳೆದುಕೊಂಡು ಓಡಿದೆ.

“ಇದ್ಯಾವುದೋ ಗಾಡಿ?”

“ಲಾಂಡ್ರೀದು! ಹತ್ತು!”

“ನಾತ!”

“ಹತ್ತಮ್ಮಾ!”

ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಅದಕ್ಕೂ ಗೋಡೆಗೂ ನಡುವೆ ಒಂದು ವ್ಯಾನ್ ಹಿಡಿಸುವಷ್ಟು ಜಾಗ ಇತ್ತು. ಇತ್ತು ಅಂತ ನಾನು ಅಂದುಕೊಂಡೆ. ಎಡಗಡೆಯ ಕನ್ನಡಿ ಗೋಡೆಗೆ ತಾಗಿ ಮುರಿದು ಬಿತ್ತು.

“ಇದಕ್ಕೇ ಅನ್ನೋದು, ನಿನಗೆ ಜಡ್ಜ್‌ಮೆಂಟ್ ಇಲ್ಲ ಅಂತ,” ಅಂದಳು ಅಮ್ಮ.

ರಸ್ತೆಗೆ ಬಿದ್ದ ಮೇಲೆ ನನ್ನ ಪ್ಲಾನ್ ಹೇಳಿದೆ. ನನ್ನ ಕಸುಬು ನಿಮಗೆ ಗೊತ್ತೇ ಇದೆ. ಗೊತ್ತಿರುವುದರಿಂದಲೇ ನನ್ನ ಹತ್ತಿರ ಬಂದಿದ್ದೀರಿ. ಓಡಿಹೋದವರನ್ನು ಹುಡುಕುತ್ತೇನೆ. ಸಾಕ್ಷಿಗಳು ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದಾಡುತ್ತಿದ್ದರೆ ಕೂರಿಸಿ ಮಾತು ಕಲಿಸುತ್ತೇನೆ.

“ಕೇಳಮ್ಮ. ಡಬಲ್‌ಗೆ ಏನರ್ಥ ಅಂತ ಕೇಳ್ತಾರೆ. ನೀನು ಪೆನಾಲ್ಟಿ ಅನ್ನು. ನಿನ್ನ ಸೊಸೆಗೂ ಬೆಳಗ್ಗೇನೇ ಹೇಳಿದೀನಿ. ಇಬ್ಬರ ಮಾತೂ ಒಂದೇ ಆದ್ರೆ ಯಾವನೂ ಏನೂ ಕಿತ್ಕೊಳ್ಳೋಕಾಗಲ್ಲ!”

ಅಮ್ಮ ನನ್ನ ಕಡೆ ತಿರುಗಿದಳು. ಬಹಳ ನಿಧಾನವಾಗಿ ತಿರುಗಿದಳು.

“ಅವಳಿಗೆ ಹೇಳಿಬಿಟ್ಟಿದೀಯಾ?”

“ಹೂಂ ಮತ್ತೆ!”

“ಅಯ್ಯೋ ಬೆಪ್ಪೇ!”

“ಯಾಕೆ?”

“ಕಾರ್ಡ್ ಮೇಲೆ ಟೇಕೌಟ್ ಅಂತ ಬರೆದು ಅವನ ಕೈಗೆ ಕೊಟ್ಟಿದೀವಿ. ಈಗ ಇಬ್ರೂ ಪೆನಾಲ್ಟಿ ಅಂದ್ರೆ ಏನರ್ಥ? ಅವನಿಗೊಂದು ತೋರಿಸಿ, ನಮ್ಮೊಳಗೊಂದು ಇಟ್ಕೊಂಡಿದ್ವಿ ಅಂತ ತಾನೇ? ಅದನ್ನೇ ಕಣೋ ಅವನು ಮೋಸ ಅಂತಿರೋದು!”

ಬ್ರೇಕ್ ತುಳಿದೆನೋ ಆಕ್ಸಿಲರೇಟರ್ ತುಳಿದೆನೋ ನೆನಪಿಲ್ಲ. ಗಾಡಿ ಒಮ್ಮೆ ಕುಪ್ಪಳಿಸಿತು.

“ಹಾಗಾದ್ರೆ ಇಬ್ರೂ ಟೇಕೌಟ್ ಅನ್ನಿ!”

“ಟೇಕೌಟ್ ಅಂದ್ರೆ ನನ್ನ ಕೈಲಿ ಸ್ಪೇಡ್ ಯಾಕಿತ್ತು? ನಾನು ಸುಳ್ಳು ಬಿಡ್ ಇಟ್ಟೆ, ಅವಳು ಹಿಡಿದುಬಿಟ್ಟಳು ಅಂತಾಗುತ್ತೆ. ಅದು ಇನ್ನೂ ದೊಡ್ಡ ಮೋಸ.”

“ಹಾಗಾದ್ರೆ... ಹಾಗಾದ್ರೆ ನಿಜವಾಗಿ ಆಗಿದ್ದೇನಮ್ಮ?”

ಅಮ್ಮ ಮುಂದಿನ ಗಾಜು ನೋಡುತ್ತಾ ಕೂತಳು. ಹಿಂದೆ ಬೈಕ್ ಮತ್ತೆ ಕಾಣಿಸಿತು. ಉಳಿದಿದ್ದ ಒಂದೇ ಕನ್ನಡಿಯಲ್ಲಿ ಅದು ದೊಡ್ಡದಾಗುತ್ತಾ ಬಂತು.

“ಅಮ್ಮ!”

“ನಲವತ್ತು ವರ್ಷ ನಾನು ಆ ಡಬಲ್ ಪೆನಾಲ್ಟಿ ಅಂತಾನೇ ಆಡಿದ್ದು,” ಅಂದಳು. “ನಿಮ್ಮಪ್ಪನ ಜೊತೆಗೂ ಹಾಗೇ. ಹೋದ ತಿಂಗಳು ಇವಳು ಹಟ ಹಿಡಿದಳು, ಈಗ ಎಲ್ಲರೂ ಟೇಕೌಟ್ ಆಡ್ತಾರೆ ಅತ್ತೆ, ನಾವೂ ಬದಲಾಯಿಸೋಣ ಅಂತ. ಆಯ್ತು ಅಂದೆ. ಕಾರ್ಡ್ ಮೇಲೆ ನಾನೇ ಬರೆದೆ. ನನ್ನ ಕೈಯಾರೆ ಬರೆದೆ.”

“ಆಮೇಲೆ?”

“ಆಮೇಲೆ ಏನು! ಅವನು ಮೂರು ಸ್ಪೇಡ್ ಇಟ್ಟ. ನನ್ನ ಕೈಲಿ ನಾಲ್ಕು ಸ್ಪೇಡ್ ಕುಣೀತಿತ್ತು. ಇಟ್ಟೆ.”

ಮರೆತಿದ್ದಳು. ಅಷ್ಟೇ ವಿಷಯ!

ನನಗೆ ನಗು ಬಂತು. “ಇಷ್ಟೇನಾ? ಮರೆತೆ ಅಂದ್ಬಿಡು! ಮುಗೀತು!”

“ಬಾಯ್ಮುಚ್ಚು!”

ಆ ಕೂಗಿಗೆ ನನ್ನ ನಗು ನಿಂತಿತು.

“ಕಳ್ಳಿ ಅನ್ಲಿ. ಪರವಾಗಿಲ್ಲ. ಕಳ್ಳಿ ಆಗೋಕೂ ತಲೆ ಬೇಕು. ಮರೆತೆ ಅಂದ ಮೇಲೆ ನನ್ನ ಜೊತೆ ಯಾರು ಆಡ್ತಾರೆ? ಇವತ್ತು ಡಬಲ್ ಮರೆತಳು ಅಂತಾರೆ. ನಾಳೆ ಗ್ಯಾಸ್ ಆರಿಸೋದು ಮರೆತಳಾ ಅಂತ ನೋಡ್ತಾರೆ. ಆಮೇಲೆ ನೀವಿಬ್ರೂ ನನ್ನ ನೋಡೋ ಕಣ್ಣೇ ಬೇರೆ ಆಗುತ್ತೆ. ನನ್ನಕ್ಕನ್ನ ನಾವು ಹಾಗೇ ನೋಡ್ತಿದ್ವಿ. ನನಗೆ ಗೊತ್ತು.”

ದೊಡ್ಡಮ್ಮನ ಕೊನೆಯ ವರ್ಷಗಳು ನನಗೂ ಗೊತ್ತು. ಮನೆಯವರ ಹೆಸರು ಒಂದೊಂದಾಗಿ ಹೋಗಿ, ಕಡೆಗೆ ತನ್ನದೂ ಹೋಯಿತು. ಬೆಂಚಿನ ಮೇಲೆ ಎಲೆ ಹರಡಿಕೊಂಡು ಅಮ್ಮ ಏನು ಮಾಡುತ್ತಿದ್ದಳು ಅಂತ ಆಗ ಅರ್ಥವಾಯಿತು. ತನ್ನ ತಲೆಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಪಾಪ ಅನ್ನಿಸಿತು. ಅನ್ನಿಸಿದ್ದನ್ನು ಹೇಳುವ ಧೈರ್ಯ ನನಗಿರಲಿಲ್ಲ, ಅದಕ್ಕೆ ರೇಗಿದೆ.

“ಕೈ ತಪ್ಪಿ ಬೇರೆ ಕಾರ್ಡ್ ಬಂತು ಅನ್ನು ಹಾಗಾದ್ರೆ!”

“ಸುಳ್ಳು ಹೇಳೋಕೆ ನಾನೇನು ನೀನಾ?”

ಬೈಕ್ ಪಕ್ಕಕ್ಕೆ ಬಂತು. ಗೂಟ ಕಬ್ಬಿಣದ ಸಲಾಕೆ ಬೀಸಿದ. ನನ್ನ ಕಿಟಕಿಯ ಗಾಜು ಪುಡಿಪುಡಿ! ಅಮ್ಮ ಬಗ್ಗಿದಳು. ನಾನು ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಡಗಡೆಯ ಇಳಿಜಾರಿಗೆ ನುಗ್ಗಿದೆ. ಹಿಂದೆ ಧಡ್ ಅಂತ ಸದ್ದು. ವ್ಯಾನಿನ ಹಿಂಬಾಗಿಲು ತೆರೆದುಕೊಂಡಿತ್ತು. ಕೊಳೆ ಬಟ್ಟೆಯ ಗಂಟುಗಳು ಒಂದರ ಹಿಂದೆ ಒಂದು ರಸ್ತೆಗೆ ಉರುಳಿದವು. ಗಂಟು ಬಿಚ್ಚಿ ಬೆಡ್‌ಶೀಟು, ಟವೆಲ್ಲು, ದಿಂಬಿನ ಚೀಲ... ಬೈಕಿನ ಚಕ್ರಕ್ಕೆ ಬೆಡ್‌ಶೀಟ್ ಸುತ್ತಿಕೊಂಡಿತು. ಕಂಬ ಒಂದು ಕಡೆ, ಗೂಟ ಒಂದು ಕಡೆ!

“ಸೂಪರ್ ಐಡಿಯಾ ಅಲ್ವಾ?” ಅಂದೆ.

“ಚಿಲಕ ಹಾಕೋದು ಮರೆತಿದ್ದೆ ಅನ್ನು,” ಅಂದಳು ಅಮ್ಮ.

ಅಂದವಳೇ ಕಿಟಕಿಯ ಕಡೆ ತಿರುಗಿದಳು. ನಾನು ಗೇರ್ ಬದಲಿಸಿದೆ.

ಹೋಟೆಲಿನ ಗೋಪುರದ ಗಡಿಯಾರ ಕಾಣಿಸುವಷ್ಟು ಹತ್ತಿರ ಬಂದಾಗ ಅಮ್ಮ ಕೇಳಿದಳು. “ಅವಳು ಏನು ಹೇಳಿರ್ತಾಳೆ?”

“ನನ್ನ ಮಾತು ಕೇಳಿದ್ರೆ ಪೆನಾಲ್ಟಿ.”

“ಕೇಳಿದ್ರೆ ಇಬ್ರೂ ಮುಳುಗಿದ್ವಿ. ನಾನು ಏನು ಹೇಳಿದ್ರೂ ಒಂದೇ.”

“ಕೇಳದಿದ್ರೆ?”

“ಟೇಕೌಟ್ ಅಂದಿರ್ತಾಳೆ. ತನ್ನ ಕೈ ನ್ಯಾಯವಾಗಿ ಬಿಡಿಸಿ ಹೇಳಿರ್ತಾಳೆ. ಆಗ ಮಾತ್ರ ನನ್ನ ಮಾತಿಗೆ ಬೆಲೆ.” ಬೆರಳಿನಿಂದ ಬ್ಯಾಗಿನ ಮೇಲೆ ತಟ್ಟುತ್ತಿದ್ದಳು. ಟೇಬಲ್ಲಿನಲ್ಲಿ ಯೋಚಿಸುವಾಗ ಹಾಗೇ ತಟ್ಟುವುದು. “ಗೆಲ್ಲೋಕೆ ಯಾವ ಎಲೆ ಎಲ್ಲಿರಬೇಕೋ ಅಲ್ಲೇ ಇದೆ ಅಂದ್ಕೊಂಡು ಆಡಬೇಕು. ಬೇರೆ ದಾರಿ ಇಲ್ದೆ ಇರುವಾಗ.”

“ಅಂದ್ರೆ ಹೇಳ್ತೀಯಾ?”

“ಅದು ನನ್ನ ಬಾಯಲ್ಲಿ ಬರಲ್ಲ ಕಣೋ.”

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಸ್ಟೇರಿಂಗ್‌ಗೇ ಚಚ್ಚಿಕೊಂಡೆ. ಹಾರ್ನ್ ಹೊಡೆಯಿತು!

ಮುಂಬಾಗಿಲಿನ ಮೆಟ್ಟಿಲ ಮೇಲೆ ಸಾಹುಕಾರನೇ ನಿಂತಿದ್ದ. ನಮ್ಮನ್ನು ನೋಡಿ ಅವನ ಮುಖ ಇಳಿಯಿತು. ಆಮೇಲೆ ನಗುವನ್ನು ಎಳೆದು ತಂದುಕೊಂಡ.

“ಅಮ್ಮಾವ್ರೇ, ಯಾಕೆ ಸುಮ್ನೆ ಓಡಾಡ್ತೀರಿ? ವಯಸ್ಸಾಯ್ತು. ಮನೇಲಿ ಆರಾಮಾಗಿರಿ. ನಿಮಗೆ ಇದೆಲ್ಲ ನೆನಪಿಟ್ಟುಕೊಳ್ಳೋಕೆ ಕಷ್ಟ.”

ನನ್ನ ಸುಟ್ಟ ಕೈ ತಾನೇ ಮುಷ್ಟಿ ಕಟ್ಟಿತು. ಅಮ್ಮ ನನ್ನ ತೋಳು ಹಿಡಿದಳು.

“ಸ್ಪೇಡ್ ಎಕ್ಕ, ರಾಣಿ, ಎಂಟು, ಆರು, ಐದು, ಎರಡು,” ಅಂದಳು ಸಾಹುಕಾರನಿಗೆ. “ಹೊರಗೆ ಒಂದು ಡೈಮಂಡ್ ಗುಲಾಮ. ಉಳಿದಿದ್ದೆಲ್ಲ ಕಸ. ಆ ಕೈ ಹಿಡ್ಕೊಂಡು ಮೂರು ಸ್ಪೇಡ್ ಇಡ್ತಾರಾ? ಜರುಗು.”

ಅವನು ಜರುಗಿದ.

ವಿಚಾರಣೆಯ ಕೋಣೆಗೆ ನನ್ನನ್ನು ಬಿಡಲಿಲ್ಲ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಅದು ನನ್ನ ಪುಣ್ಯ. ಸಂದಿಯಲ್ಲಿ ಕಣ್ಣಿಟ್ಟು ನಿಂತೆ. ಉದ್ದ ಮೇಜಿನ ತುದಿಯಲ್ಲಿ ಟೂರ್ನಮೆಂಟಿನ ಡೈರೆಕ್ಟರ್. ನರೆಗೂದಲಿನ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಈ ಆಟದಲ್ಲಿ ಅಂಪೈರೂ ಅವಳೇ, ನ್ಯಾಯಾಧೀಶೆಯೂ ಅವಳೇ. ಸಾಹುಕಾರ ಒಂದು ಪಕ್ಕ. ನನ್ನ ಹೆಂಡತಿ ಇರಲಿಲ್ಲ. ಅವಳ ಸರದಿ ಮುಗಿದು ಒಳಗಿನ ಕೋಣೆಗೆ ಕಳಿಸಿದ್ದರು.

ಏನು ಹೇಳಿದಳೋ! ಒಂದು ಸಲ, ಜೀವಮಾನದಲ್ಲಿ ಒಂದೇ ಒಂದು ಸಲ, ನನ್ನ ಮಾತು ಕೇಳದೆ ಇದ್ದಿದ್ದರೆ ಸಾಕಪ್ಪ ಅಂತ ಬೇಡಿಕೊಂಡೆ. ಯಾವ ಗಂಡ ಹಾಗೆ ಬೇಡಿಕೊಂಡಿದ್ದಾನೆ ಹೇಳಿ?

“ಮೂರು ಸ್ಪೇಡ್ ಮೇಲೆ ನೀವಿಟ್ಟ ಡಬಲ್,” ಅಂದಳು ಡೈರೆಕ್ಟರ್. “ನಿಮ್ಮಿಬ್ಬರ ಒಪ್ಪಂದದಲ್ಲಿ ಅದಕ್ಕೆ ಏನು ಅರ್ಥ?”

ಅಮ್ಮ ಬೆರಳಿನಿಂದ ಮೇಜು ತಟ್ಟುವ ಸದ್ದು ಕೇಳಿಸಿತು.

“ಮೇಡಂ?”

“ಹೇಳೋಕೆ ಏನಿದೆ!” ಸಾಹುಕಾರ ನಡುವೆ ಬಾಯಿ ಹಾಕಿದ. “ಸನ್ನೆ ಮಾಡಿದ್ದಾರೆ. ಇನ್ನೇನು?”

“ನೀವು ಸುಮ್ಮನಿರಿ. ಮೇಡಂ, ನಿಮ್ಮ ಉತ್ತರ?”

“ಟೇಕೌಟ್,” ಅಂದಳು ಅಮ್ಮ.

“ಆದರೆ ನಿಮ್ಮ ಕೈಯಲ್ಲಿ ನಾಲ್ಕು ಸ್ಪೇಡ್ ಇತ್ತು.”

“ಇತ್ತು.”

“ಮತ್ತೆ?”

ಅಮ್ಮನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನು ಯಾವತ್ತೂ ಕುರ್ಚಿಗೆ ಒರಗಿದ್ದಲ್ಲ. ಈಗ ಒರಗಿತು. ಓಡಿಹೋಗಿ ಎತ್ತಿಕೊಂಡು ಬಂದುಬಿಡೋಣ, ಆಟವೂ ಬೇಡ, ಮಾನವೂ ಬೇಡ ಅನ್ನಿಸಿತು ನನಗೆ. ಬಾಗಿಲ ಹಿಡಿ ಹಿಡಿದೂ ಬಿಟ್ಟಿದ್ದೆ.

“ಮರೆತೆ,” ಅಂದಳು.

“ಏನಂದ್ರಿ?”

“ಮರೆತೆ ಅಂದೆ! ಹೋದ ತಿಂಗಳು ಬದಲಾಯಿಸಿದ್ವಿ. ನನಗೆ ಮರೆತುಹೋಯ್ತು. ಹಳೇ ಅಭ್ಯಾಸದಲ್ಲಿ ಇಟ್ಟೆ. ಇನ್ನು ಎಷ್ಟು ಸಲ ಹೇಳಿಸ್ತೀರಿ?”

“ನಾಟಕ!” ಸಾಹುಕಾರ ಮೇಜು ಗುದ್ದಿದ. “ಮರೆತಿದ್ದಾರೆ ಅಂತ ಸೊಸೆಗೆ ಗೊತ್ತಿತ್ತು! ಅದಕ್ಕೇ ಪಾಸ್ ಮಾಡಿದ್ದು!”

ಡೈರೆಕ್ಟರ್ ಕನ್ನಡಕ ತೆಗೆದಳು. “ನೀವು ಹೀಗೆ ಕೇಳಬಹುದು ಅಂತ ಅವರನ್ನ ಆಗಲೇ ಕೇಳಿದ್ದೀನಿ. ಡಬಲ್ ಟೇಕೌಟ್ ಅಂದ್ರು. ತನ್ನ ಕೈಲಿ ಎರಡು ಎಕ್ಕ ಇತ್ತು, ಒಂದೇ ಜಾತಿಯ ಎಲೆ ಹೆಚ್ಚಿರಲಿಲ್ಲ, ನಾಲ್ಕಕ್ಕೆ ಏರಿಸಿ ಸಾಯೋ ಬದಲು ಇವರನ್ನೇ ಬೀಳಿಸಬಹುದು ಅನ್ನಿಸ್ತು, ಪಾಸ್ ಮಾಡ್ದೆ ಅಂದ್ರು. ಅದು ಒಪ್ಪೋ ಅಂಥ ಯೋಚನೆ. ಅತ್ತೆ ಮರೆತಿರಬಹುದು ಅನ್ನಿಸಲಿಲ್ವಾ ಅಂದೆ. ನಮ್ಮತ್ತೆ ಜನ್ಮದಲ್ಲಿ ಏನನ್ನೂ ಮರೆತವರಲ್ಲ ಅಂತ ನನ್ನ ಮೇಲೇ ರೇಗಿದ್ರು.”

ಅಮ್ಮ ತಲೆ ತಗ್ಗಿಸಿದಳು.

“ಬಚ್ಚಿಟ್ಟ ಒಪ್ಪಂದ ಇದ್ದಿದ್ರೆ ಇಬ್ಬರ ಮಾತೂ ಕೂಡಿಬರ್ತಿತ್ತು,” ಅಂದಳು ಡೈರೆಕ್ಟರ್. “ಇಲ್ಲಿ ಅತ್ತೆ ಮರೆತೆ ಅಂತಾರೆ, ಸೊಸೆ ಅವರು ಮರೆಯೋದೇ ಇಲ್ಲ ಅಂತಾರೆ. ಮೋಸ ಇಲ್ಲ. ಫಲಿತಾಂಶ ಹಾಗೇ ಇರುತ್ತೆ.”

ಸಾಹುಕಾರ ಕುರ್ಚಿ ಒದ್ದು ಹೊರಗೆ ಬಂದ. ಬಾಗಿಲಲ್ಲಿ ನಾನಿದ್ದೆ. ನನ್ನ ಸುಟ್ಟ ಕೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ.

“ಇದನ್ನ ನೆನಪಿಟ್ಕೊಳ್ಳಿ ಸಾಹುಕಾರ್ರೇ. ನಿಮ್ಮದು ಚಿಕ್ಕ ವಯಸ್ಸು!”

ದಡದಡ ಮೆಟ್ಟಿಲಿಳಿದು ಹೋದ.

ಒಳಗೆ ಡೈರೆಕ್ಟರ್ ಇನ್ನೂ ಮುಗಿಸಿರಲಿಲ್ಲ. “ಇನ್ನೊಂದು ವಿಷಯ ಮೇಡಂ. ಹೇಳೋಕೆ ಕಷ್ಟ ಆಗುತ್ತೆ. ಇದುವರೆಗೆ ನೀವು ಮರೀತೀರಿ ಅಂತ ನಿಮ್ಮ ಸೊಸೆಗೆ ಗೊತ್ತಿರಲಿಲ್ಲ. ಇನ್ಮೇಲೆ ಗೊತ್ತು. ಅವರಿಗೆ ಗೊತ್ತಿರೋದು ಎದುರಾಳಿಗಳಿಗೂ ಗೊತ್ತಿರಬೇಕು. ಹಾಗಾಗಿ ಪ್ರತಿ ಟೇಬಲ್‌ನಲ್ಲೂ ಅವರು ಮೊದಲೇ ಹೇಳಬೇಕು, ಈ ಡಬಲ್ ಅರ್ಥವನ್ನ ನನ್ನ ಜೊತೆಗಾರರು ಮರೆಯಬಹುದು ಅಂತ.”

ಗೆದ್ದವರಿಗೆ ಕೊಟ್ಟ ಶಿಕ್ಷೆ! ನನಗೆ ಮೈ ಪರಚಿಕೊಳ್ಳುವಂತಾಯಿತು. ಯಾವ ಮಾತಿಗೆ ಹೆದರಿ ಬಸ್‌ಸ್ಟ್ಯಾಂಡಿಗೆ ಓಡಿದ್ದಳೋ ಅದನ್ನೇ ಇನ್ನು ಟೇಬಲ್ ಟೇಬಲ್‌ಗೆ ಸಾರಬೇಕು.

“ಸರಿ,” ಅಂದಳು ಅಮ್ಮ.

ಡೈರೆಕ್ಟರ್ ಒಳಕೋಣೆಗೆ ಹೋಗಿ ತೀರ್ಪು ತಿಳಿಸಿದ ಮೇಲೆ ಹೆಂಡತಿ ಹೊರಗೆ ಬಂದಳು. ಬಂದವಳೇ ಅತ್ತೆಯ ಮೇಲೆ ಹರಿಹಾಯ್ದಳು.

“ಯಾಕೆ ಹಾಗಂದ್ರಿ ಅತ್ತೆ? ನಾನು ಅಲ್ಲಿ ನೀವು ಏನೂ ಮರೆಯಲ್ಲ ಅಂತ ವಾದ ಮಾಡ್ತಿದ್ರೆ!”

“ಮತ್ತೆ ಆ ಸ್ಪೇಡನ್ನೆಲ್ಲ ಎಲ್ಲಿ ಬಚ್ಚಿಡ್ತಿದ್ದೆ? ನಿನ್ನ ಸೆರಗಲ್ಲಾ?”

“ಟೇಕೌಟ್ ಬೇಡ, ಹಳೇದಕ್ಕೇ ಹೋಗೋಣ. ನನ್ನಿಂದಲೇ ಆಗಿದ್ದು ಇದು.”

“ಯಾಕೆ? ನನಗೆ ಬರಲ್ವಾ ಹೊಸದು?”

ಇಬ್ಬರ ಕಣ್ಣಲ್ಲೂ ನೀರಿತ್ತು. ಇಬ್ಬರೂ ಕಿರುಚುತ್ತಿದ್ದರು. ನಾನು ಹೆಂಡತಿಯನ್ನು ಪಕ್ಕಕ್ಕೆ ಕರೆದೆ.

“ನಾನು ಹೇಳಿದ್ದನ್ನ ಹೇಳಲಿಲ್ವಲ್ಲ, ಬದುಕಿಸಿದೆ ಮಾರಾಯ್ತಿ!”

“ನೀವು ಏನು ಹೇಳಿದ್ರಿ?”

ಜಿರಲೆ ನೋಡಿದ ಹಾಗೆ ನೋಡಿದ್ದಳು, ಮಾತು ಮಾತ್ರ ಕೇಳಿಸಿಕೊಂಡೇ ಇರಲಿಲ್ಲ!

ಮುಂದಿನ ಪಂದ್ಯ ಅರ್ಧ ಗಂಟೆಯಲ್ಲೇ ಶುರುವಾಯಿತು. ಎದುರಿಗೆ ಇಬ್ಬರು ಹಲ್ಲಿನ ಡಾಕ್ಟರುಗಳು, ಮರ್ಯಾದಸ್ಥರು. ನಾನು ಹಿಂದೆ ಕುರ್ಚಿ ಹಾಕಿಕೊಂಡು, ಕೈಗೆ ಮುಲಾಮು ಬಳಿದುಕೊಂಡು ಕೂತೆ.

ಹೆಂಡತಿ ಸಿಸ್ಟಮ್ ಕಾರ್ಡ್ ಮುಂದೆ ತಳ್ಳಿದಳು. “ಎದುರಾಳಿ ಮೂರು ಇಟ್ಟಾಗ ನಮ್ಮ ಡಬಲ್ ಟೇಕೌಟ್. ಆದರೆ... ನಮ್ಮ ಅತ್ತೆ... ಒಂದೊಂದು ಸಲ...”

ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆದಳು. ಡಾಕ್ಟರುಗಳು ಗಾಬರಿಯಾಗಿ ನೋಡಿದರು.

“ಮರೀತಾಳೆ,” ಅಂದಳು ಅಮ್ಮ. ಬೆನ್ನು ನೆಟ್ಟಗಿತ್ತು. “ಗಟ್ಟಿಯಾಗಿ ಹೇಳೋಕೇನಾಗಿತ್ತು ನಿನಗೆ? ಎಲೆ ಎತ್ತಿ.”

ಅವತ್ತು ಉಳಿದ ಪಂದ್ಯಗಳಲ್ಲಿ ಅಮ್ಮ ಒಂದು ಒಪ್ಪಂದವನ್ನೂ ಮರೆಯಲಿಲ್ಲ. ಮರೆಯಬಹುದು ಅಂತ ಹೆದರಿದ ಎದುರಾಳಿಗಳು ಮಾತ್ರ ಒಬ್ಬರೂ ಸರಿಯಾಗಿ ಬಿಡ್ ಮಾಡಲಿಲ್ಲ. ಕಪ್ ನಮ್ಮ ಮನೆಗೇ ಬಂತು. ಲಾಂಡ್ರಿಯವನಿಗೆ ವ್ಯಾನ್ ವಾಪಸ್ ಕೊಟ್ಟೆ, ಕನ್ನಡಿಯ ವಿಷಯ ಅವನು ಕೇಳುವ ಮೊದಲೇ ಅಲ್ಲಿಂದ ಜಾಗ ಖಾಲಿ ಮಾಡಿದೆ.

ಈಗ ಮನೆಯಲ್ಲಿ ಅಮ್ಮ ಆ ಮಾತನ್ನು ಸಲೀಸಾಗಿ ಹೇಳುತ್ತಾಳೆ. ಮಾತ್ರೆ ತಗೊಂಡ್ಯಾ ಅಂದರೆ, ಮರೆತೆ. ಪಕ್ಕದ ಮನೆಯವರಿಗೆ ಫೋನ್ ಮಾಡಿದ್ಯಾ ಅಂದರೆ, ಮರೆತೆ. ಹೆಂಡತಿ ನನ್ನ ಮುಖ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. ಇಬ್ಬರೂ ಅಮ್ಮನ ಮುಖ ನೋಡುವುದಿಲ್ಲ.

ಮೊನ್ನೆ ನಾನು ಹುಟ್ಟಿದ ದಿನ ಮರೆತಳು. ನಿಜಕ್ಕೂ ಮರೆತದ್ದೋ, ಬೇಕಂತಲೇ ಅಂದದ್ದೋ, ಟೇಕೌಟೋ, ಪೆನಾಲ್ಟಿಯೋ... ಕೇಳುವ ಧೈರ್ಯ ನನಗೆ ಬರಲಿಲ್ಲ!